ಕೂದಲೆಳೆಯ ಮೇಲೆ ನಿಂತ ಅಕ್ಷರ

ಇಂಗ್ಲಿಷಿನ ದೊಡ್ಡ ‘ಎನ್’ ಅಕ್ಷರವನ್ನು ಒಮ್ಮೆ ಮನಸ್ಸಿನಲ್ಲೇ ಬರೆದುಕೊಳ್ಳಿ. ನೆಟ್ಟಗೆ ನಿಂತ ಎರಡು ಕಾಲು, ನಡುವೆ ಒಂದು ಓರೆ ಗೆರೆ. ಬೊಡೋನಿ ಎಂಬ ಅಕ್ಷರಜಾತಿಯ ದಪ್ಪ ಫಾಂಟುಗಳಲ್ಲಿ ಆ ಎರಡು ಕಾಲುಗಳೂ ಕೂದಲೆಳೆಯಷ್ಟು ತೆಳ್ಳಗಿರುತ್ತವೆ. ನಡುವಿನ ಓರೆ ಗೆರೆ ಮಾತ್ರ ಮನೆಯ ತೊಲೆಯ ಹಾಗೆ ದಪ್ಪ. ಈಗ ಆ ತೆಳ್ಳನೆಯ ಕಾಲುಗಳನ್ನು ಅಳಿಸಿಬಿಡಿ. ಉಳಿಯುವುದು ಮೇಲಿನಿಂದ ಕೆಳಗೆ ಜಾರಿ ಬಿದ್ದಂತಿರುವ ಒಂದು ಕಪ್ಪು ತುಂಡು. ಅದನ್ನು ಯಾರೂ ‘ಎನ್’ ಎಂದು ಓದಲಾರರು. ‘ಎಚ್’ ಅಕ್ಷರದಿಂದ ತೆಳು ಗೆರೆ ತೆಗೆದರೆ ಅಕ್ಕಪಕ್ಕ ನಿಂತ ಎರಡು ಕಂಬ ಉಳಿಯುತ್ತವೆ. ‘ಇ’ಯಿಂದ ತೆಗೆದರೆ ಒಂದೇ ಕಂಬ, ಅದರ ಬಲಕ್ಕೆ ಎಲ್ಲಿಗೂ ಅಂಟಿಕೊಳ್ಳದ ಮೂರು ಚೂರು.

ಇದನ್ನು ಊಹೆ ಮಾಡಿ ಹೇಳುತ್ತಿಲ್ಲ, ಅಚ್ಚಾದ ಹಾಳೆಯ ಮೇಲೆ ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಪುಸ್ತಿಕೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಖಪುಟದ ಶೀರ್ಷಿಕೆಗೆ ದಪ್ಪ ಬೊಡೋನಿ ಹಾಕಿದೆ. 120 ಪಾಯಿಂಟಿನಲ್ಲಿ (ಪಾಯಿಂಟು ಅಕ್ಷರದ ಗಾತ್ರದ ಅಳತೆ) ಅದು ಎಷ್ಟು ಚೆಂದ ಕೂತಿತೆಂದರೆ, ಒಳಪುಟದಲ್ಲಿ ಛಾಯಾಗ್ರಾಹಕರ ಹೆಸರುಗಳಿಗೂ ಅದೇ ಇರಲಿ ಅನ್ನಿಸಿತು. 9 ಪಾಯಿಂಟು, ಎಲ್ಲವೂ ದೊಡ್ಡಕ್ಷರ, ಕಡುನೀಲಿ ಹಿನ್ನೆಲೆಯ ಮೇಲೆ ಬಿಳಿ. ಕಂಪ್ಯೂಟರಿನಲ್ಲಿ ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದೆ. ಅಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಮೊದಲ ಹಾಳೆ ಮಷಿನ್‌ನಿಂದ ಹೊರಬಂದಾಗ ಹೆಸರುಗಳಿರಬೇಕಾದ ಜಾಗದಲ್ಲಿ ಸಾಲುಸಾಲು ಬಿಳಿ ಕಡ್ಡಿಗಳಿದ್ದವು. ಲೂಪ್ ಎಂಬ ಪುಟ್ಟ ಭೂತಗನ್ನಡಿ ಇಟ್ಟು ನೋಡಿದೆ. ‘ಎ’ ಅಕ್ಷರದ ಎಡಗಾಲು ಇರಲಿಲ್ಲ. ‘ಯು’ ಅಕ್ಷರದ ಬಲಗೋಡೆ ಅರ್ಧಕ್ಕೇ ನಿಂತಿತ್ತು. ತೆಳು ಗೆರೆ ಹಾದುಹೋಗಬೇಕಾದ ಕಡೆಯಲ್ಲೆಲ್ಲ ನೀಲಿ ಚುಕ್ಕೆಗಳು ಒಂದರ ಕೈ ಒಂದು ಹಿಡಿದು ದಾರಿ ಮುಚ್ಚಿದ್ದವು. ಮಷಿನ್ ನೋಡಿಕೊಳ್ಳುತ್ತಿದ್ದ ಹಿರಿಯರು ಹಾಳೆಯನ್ನು ಬೆಳಕಿಗೆ ಹಿಡಿದು, “ಬಿಳಿ ಅನ್ನೋದು ಇಲ್ಲಿ ಇಂಕ್ ಅಲ್ಲ ಸರ್, ಇಂಕ್ ಇಲ್ಲದ ಜಾಗ. ಇಷ್ಟು ಸಣ್ಣ ಜಾಗ ಬಿಟ್ಟರೆ ನಾಲ್ಕು ಬಣ್ಣವೂ ಎರಡೂ ಕಡೆಯಿಂದ ಬಂದು ನುಂಗಿಬಿಡುತ್ತವೆ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ತಪ್ಪು ಮಷಿನ್ನಿನದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ಹಾಳೆ ಇವತ್ತಿಗೂ ನನ್ನ ಬಳಿ ಇದೆ. ಈ ಜಾತಿಯ ಅಕ್ಷರವನ್ನು ನಾನು ನೋಡುವ ರೀತಿಯೇ ಅದರಿಂದ ಬದಲಾಯಿತು. ದಪ್ಪ ಅಕ್ಷರ ಅಂದಾಗ ಎಲ್ಲರ ಕಣ್ಣು ಅದರ ದಪ್ಪದ ಮೇಲೆ ಬೀಳುತ್ತದೆ. ಆ ಗತ್ತು, ಆ ಕಪ್ಪು, ಆ ಮೈಕಟ್ಟು. ನಾನೂ ಅದಕ್ಕೇ ಮರುಳಾಗಿದ್ದೆ. ಆದರೆ ದಪ್ಪ ಗೆರೆಗಳು ಎಷ್ಟೇ ಜೋರಾಗಿ ನಿಂತರೂ ಅವು ಯಾವ ಅಕ್ಷರವೆಂದು ಹೇಳುವುದು ತೆಳು ಗೆರೆ. ಅಕ್ಷರಕ್ಕೆ ಅಕ್ಷರತನ ಬರುವುದು ಅಲ್ಲಿಂದ. ಹಾಗಾಗಿ ಈಗ ಇಂಥ ಫಾಂಟು ಎಲ್ಲಿ ಕಂಡರೂ ಮೊದಲು ಅದರ ಕೂದಲೆಳೆಯನ್ನು ಹುಡುಕುತ್ತೇನೆ.

ಈ ದಪ್ಪ-ತೆಳುವಿನ ಆಟ ಎಲ್ಲಿಂದ ಬಂತು ಎಂದು ತಿಳಿಯಲು ಕೈಯಲ್ಲಿ ಪೆನ್ ಹಿಡಿಯಬೇಕು. ರೋಮನ್ ಲಿಪಿಯನ್ನು ಬಹುಕಾಲ ಅಗಲ ಮೂತಿಯ ಲೇಖನಿಯಲ್ಲಿ ಬರೆದರು. ಅದರಲ್ಲಿ ಗೆರೆಯ ದಪ್ಪ ನಿರ್ಧಾರವಾಗುವುದು ಲೇಖನಿ ಹಿಡಿದ ಕೋನದಿಂದ. ಆದ್ದರಿಂದ ದಪ್ಪದಿಂದ ತೆಳುವಿಗೆ ಇಳಿಯುವುದು ನಿಧಾನ, ಗುಡ್ಡದ ಇಳಿಜಾರಿನ ಹಾಗೆ. ಆಮೇಲೆ ಚೂಪು ಮೂತಿಯ, ಬಾಗುವ ನಿಬ್ಬು ಬಳಕೆಗೆ ಬಂತು. ಅದರಲ್ಲಿ ಕೋನಕ್ಕಿಂತ ಒತ್ತಡ ಮುಖ್ಯ. ಕೆಳಕ್ಕೆ ಎಳೆಯುವಾಗ ಒತ್ತಿದರೆ ನಿಬ್ಬು ಸೀಳಿಕೊಂಡು ದಪ್ಪ ಗೆರೆ ಮೂಡುತ್ತದೆ. ಮೇಲಕ್ಕೆ ಹೋಗುವಾಗ ಒತ್ತಲು ಬರುವುದಿಲ್ಲ, ಒತ್ತಿದರೆ ನಿಬ್ಬಿನ ಮೂತಿ ಕಾಗದಕ್ಕೆ ನಾಟುತ್ತದೆ. ಹಾಗಾಗಿ ಮೇಲಕ್ಕೆ ಹೋದ ಗೆರೆಯೆಲ್ಲ ಕೂದಲು.

ಈ ಒಂದು ಸೂತ್ರ ಹಿಡಿದುಕೊಂಡು ‘ಎನ್’ ಬರೆದು ನೋಡಿ. ಎಡಗಾಲಿನ ಬುಡದಿಂದ ಮೇಲಕ್ಕೆ, ತೆಳು. ಅಲ್ಲಿಂದ ಓರೆಯಾಗಿ ಕೆಳಕ್ಕೆ, ದಪ್ಪ. ಮತ್ತೆ ಮೇಲಕ್ಕೆ, ತೆಳು. ‘ಎಂ’ ಆದರೆ ಮೇಲೆ, ಕೆಳಗೆ, ಮೇಲೆ, ಕೆಳಗೆ. ತೆಳು, ದಪ್ಪ, ತೆಳು, ದಪ್ಪ. ‘ಎ’ಗೆ ಎಡಗಾಲು ತೆಳು, ಬಲಗಾಲು ದಪ್ಪ. ‘ವಿ’ಗೆ ಅದರ ತಿರುವುಮುರುವು. ಎಷ್ಟೋ ವರ್ಷ ಈ ಅಕ್ಷರಗಳನ್ನು ಬಳಸಿದ ಮೇಲೆ ಒಂದು ದಿನ ಕಾಗದದ ಮೇಲೆ ಹೀಗೆ ಬರೆದು ನೋಡಿದಾಗ, ಯಾವ ಗೆರೆ ದಪ್ಪ, ಯಾವುದು ತೆಳು ಎಂಬುದನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ ಎಂದು ಗೊತ್ತಾಗಿ ಆದ ಸಂತೋಷ ದೊಡ್ಡದು. ಕಲ್ಲಿನಂತೆ, ಯಂತ್ರದಂತೆ ಕಾಣುವ ಈ ಅಕ್ಷರದೊಳಗೆ ಒಂದು ಕೈಯ ಏರಿಳಿತ ಇನ್ನೂ ಇದೆ. ದಪ್ಪ-ತೆಳುವಿನ ಕ್ರಮ ಅಗಲ ಲೇಖನಿಯ ಕಾಲದ್ದೇ. ಚೂಪು ನಿಬ್ಬು ಅದನ್ನು ಎರಡೂ ತುದಿಗೆ ಎಳೆಯಿತು.

ನಿಬ್ಬಿನಲ್ಲಿ ಬರೆಯಬಹುದಾದದ್ದನ್ನು ಸೀಸದ ಮೊಳೆಯಲ್ಲಿ ಅಚ್ಚು ಹಾಕುವುದು ಬೇರೆಯೇ ಮಾತು. ಇದಕ್ಕೆ ದಾರಿ ಮಾಡಿದವರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ ಮುಖ್ಯ. ಮುದ್ರಣಕ್ಕೆ ಬರುವ ಮೊದಲು ಆತ ಸುಂದರ ಬರವಣಿಗೆ ಕಲಿಸುತ್ತಿದ್ದ, ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದ. ಅಂಥ ಕೈಗೆ ತೆಳು ಗೆರೆಯ ರುಚಿ ಗೊತ್ತು. ಆದರೆ ಆಗಿನ ಕಾಗದ ತಂತಿ ಜಾಲರಿಯ ಗೆರೆಗಳನ್ನು ಮೈಮೇಲೆ ಹೊತ್ತು ಬರುತ್ತಿತ್ತು. ಅಂಥ ಏರುತಗ್ಗಿನ ಮೇಲೆ ಕೂದಲೆಳೆ ಒಡೆದುಹೋಗುತ್ತದೆ. ಬಾಸ್ಕರ್‌ವಿಲ್ ಮೊಳೆಯನ್ನು ಮಾತ್ರ ತಿದ್ದಿ ಸುಮ್ಮನಾಗಲಿಲ್ಲ. ಶಾಯಿಯನ್ನು ಇನ್ನಷ್ಟು ಕಪ್ಪಾಗಿಸಿದ, ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ನುಣುಪು ಮಾಡಿದ. 1757ರಲ್ಲಿ ಹೊರತಂದ ವರ್ಜಿಲ್‌ನ ಕಾವ್ಯದ ಒಂದು ಭಾಗಕ್ಕೆ ಗೆರೆಗಳಿಲ್ಲದ ಹೊಸ ಬಗೆಯ ನುಣುಪು ಕಾಗದವನ್ನೇ ಬಳಸಿದ. ಒಂದು ತೆಳು ಗೆರೆಗಾಗಿ ಕಾಗದ, ಶಾಯಿ, ಒತ್ತಡ ಮೂರನ್ನೂ ಬದಲಿಸಿದ ಮನುಷ್ಯ. ಅಕ್ಷರದ ವಿನ್ಯಾಸ ಅಕ್ಷರದಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಬೈದವರೂ ಇದ್ದರು. ಬೆಂಜಮಿನ್ ಫ್ರಾಂಕ್ಲಿನ್ 1760ರಲ್ಲಿ ಬಾಸ್ಕರ್‌ವಿಲ್‌ಗೆ ಬರೆದ ಒಂದು ಕಾಗದವಿದೆ. ಫ್ರಾಂಕ್ಲಿನ್ ಸ್ವತಃ ಮುದ್ರಕ. ಒಬ್ಬ ಸಂಭಾವಿತ ಅವನ ಬಳಿ, ಬಾಸ್ಕರ್‌ವಿಲ್‌ನ ಗೆರೆಗಳು ಅತಿ ತೆಳು, ಇವು ದೇಶದ ಓದುಗರನ್ನೆಲ್ಲ ಕುರುಡರನ್ನಾಗಿ ಮಾಡುತ್ತವೆ ಎಂದು ದೂರಿದನಂತೆ. ಫ್ರಾಂಕ್ಲಿನ್ ಒಳಕೋಣೆಗೆ ಹೋಗಿ, ಕ್ಯಾಸ್ಲನ್ ಎಂಬ ಹಳೆಯ, ಎಲ್ಲರಿಗೂ ರೂಢಿಯಾದ ಅಕ್ಷರದ ಮಾದರಿ ಹಾಳೆಯನ್ನು ತೆಗೆದ. ಹೆಸರಿದ್ದ ಮೇಲ್ಭಾಗ ಹರಿದುಹಾಕಿ, ಇದು ಬಾಸ್ಕರ್‌ವಿಲ್‌ನದು, ತಪ್ಪೆಲ್ಲಿದೆ ತೋರಿಸಿ ಎಂದು ಮುಂದಿಟ್ಟ. ಆತ ಸಾಲುಸಾಲಾಗಿ ತಪ್ಪು ತೋರಿಸುತ್ತಾ ಹೋದ, ಓದಿದರೆ ಕಣ್ಣು ನೋಯುತ್ತದೆ ಎಂದೂ ಹೇಳಿದ. ತಾನು ದಿನವೂ ಓದುತ್ತಿದ್ದದ್ದೇ ಆ ಅಕ್ಷರವನ್ನು ಎಂಬುದು ಅವನಿಗೆ ತಿಳಿಯಲಿಲ್ಲ. ಮುಜುಗರವಾದೀತೆಂದು ಫ್ರಾಂಕ್ಲಿನ್ ಅವನಿಗೆ ನಿಜ ಹೇಳದೆ ಬಿಟ್ಟ.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಆ ಸಂಭಾವಿತನ ಪೂರ್ವಗ್ರಹಕ್ಕೆ ನಕ್ಕು ಮುಂದೆ ಹೋಗುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಬಾಸ್ಕರ್‌ವಿಲ್ ಮಟ್ಟಿಗೆ ಅವನ ದೂರು ಸುಳ್ಳಿರಬಹುದು, ಬಾಸ್ಕರ್‌ವಿಲ್‌ನ ಅಕ್ಷರ ಇವತ್ತಿನ ಕಣ್ಣಿಗೆ ತೀರ ಸೌಮ್ಯ. ಆದರೆ ಮುಂದಿನ ಐವತ್ತು ವರ್ಷದಲ್ಲಿ ಅಕ್ಷರಗಳು ಹಿಡಿದ ದಾರಿಗೆ ಆ ದೂರು ಸರಿಯಾಗಿಯೇ ಹೊಂದುತ್ತದೆ. ನನ್ನ 9 ಪಾಯಿಂಟಿನ ಹೆಸರುಗಳನ್ನು ಅವನ ಕೈಗೆ ಕೊಟ್ಟಿದ್ದರೆ ಅವನು ಹೇಳುತ್ತಿದ್ದದ್ದು ನಿಜವೇ ಆಗಿರುತ್ತಿತ್ತು.

ಆ ದಾರಿಯಲ್ಲಿ ಮುಂದೆ ನಡೆದವರು ಪ್ಯಾರಿಸಿನ ಫಿರ್ಮಾನ್ ದಿದೋ ಮತ್ತು ಇಟಲಿಯ ಪಾರ್ಮಾದ ಜಾಂಬಟ್ಟಿಸ್ಟಾ ಬೊಡೋನಿ. 1780ರ ದಶಕದಲ್ಲಿ ದಿದೋ ಕೆತ್ತಿದ ಅಕ್ಷರಗಳಲ್ಲಿ ಇಳಿಜಾರು ಉಳಿಯಲೇ ಇಲ್ಲ. ‘ಓ’ ಅಕ್ಷರದ ಎರಡು ಪಕ್ಕೆ ದಪ್ಪ, ನೆತ್ತಿ ಮತ್ತು ಪಾದ ಕೂದಲು, ಅಕ್ಷ ನೆಟ್ಟಗೆ ನಿಂತ ಲಂಬ. ಸೆರಿಫ್ ಎಂದರೆ ಗೆರೆಯ ತುದಿಗೆ ಬರುವ ಅಡ್ಡಪಟ್ಟಿ ತಾನೆ? ಹಳೆಯ ಅಕ್ಷರಗಳಲ್ಲಿ ಅದು ಕಂಬದ ಬುಡದಿಂದ ಬೇರಿನ ಹಾಗೆ ಬಾಗಿ ಹರಡುತ್ತಿತ್ತು. ಇಲ್ಲಿ ಕಂಬದ ಕೆಳಗೆ ನೂಲಿನಷ್ಟು ಸಪಾಟಾದ ಗೆರೆ ಇಟ್ಟು ಬಿಟ್ಟರು, ಆಸರೆಗೆ ಏನೂ ಇಲ್ಲ. ದಿದೋ ಮತ್ತು ಬೊಡೋನಿ ಇಬ್ಬರ ಹೆಸರೂ ಸೇರಿ ಈ ವಂಶಕ್ಕೆ ಮುಂದೆ ‘ಡಿಡೋನ್’ ಎಂಬ ಹೆಸರು ಬಂತು.

ಬೊಡೋನಿ 1768ರಿಂದ ಪಾರ್ಮಾದ ಅರಮನೆಯ ಮುದ್ರಣಾಲಯದಲ್ಲಿದ್ದ. 1813ರಲ್ಲಿ ತೀರಿಕೊಂಡ. ಅವನ ಅಕ್ಷರಗಳ ಮಾದರಿ ಗ್ರಂಥದ ಕೊನೆಯ ರೂಪವನ್ನು ಐದು ವರ್ಷದ ಮೇಲೆ, 1818ರಲ್ಲಿ, ಹೆಂಡತಿ ಮಾರ್ಗೆರಿಟಾ ಎರಡು ಸಂಪುಟಗಳಲ್ಲಿ ಹೊರತಂದಳು. ಅಕ್ಷರದ ಚೆಲುವಿಗೆ ಅವನು ಹೇಳುವ ಗುಣಗಳು ನಾಲ್ಕು: ಏಕರೂಪತೆ, ಚೊಕ್ಕಟತನ, ಒಳ್ಳೆಯ ಅಭಿರುಚಿ, ಲಾವಣ್ಯ. ನನಗೆ ಈ ನಾಲ್ಕಕ್ಕಿಂತ ಹೆಚ್ಚು ಹಿಡಿಸುವುದು ಅವನು ಮಾಡಿದ ಇನ್ನೊಂದು ಕೆಲಸ. ಒಂದೇ ಅಕ್ಷರವನ್ನು ಗಾತ್ರಕ್ಕೊಂದರಂತೆ ಅವನು ಬೇರೆಬೇರೆಯಾಗಿ ಕೆತ್ತಿದ. ಸಣ್ಣ ಗಾತ್ರಕ್ಕೆ ತೆಳು ಗೆರೆ ಸ್ವಲ್ಪ ಗಟ್ಟಿ, ದೊಡ್ಡ ಗಾತ್ರಕ್ಕೆ ಇನ್ನೂ ತೆಳು. ಅಕ್ಷರದ ಮೂಲ ಅಚ್ಚಾದ ಉಕ್ಕಿನ ಪಂಚ್ ಪ್ರತಿ ಗಾತ್ರಕ್ಕೂ ಬೇರೆ ಕೆತ್ತಲೇಬೇಕಿದ್ದ ಕಾಲದಲ್ಲಿ ಇದು ಕುಶಲಕರ್ಮಿಗೆ ಸಹಜವಾಗಿ ಬರುತ್ತಿದ್ದ ವಿವೇಕ. ಈ ಮಾತಿಗೆ ಮತ್ತೆ ಬರುತ್ತೇನೆ.

ಇಲ್ಲಿಯವರೆಗಿನದು ಅರಮನೆ, ಗ್ರಂಥಾಲಯಗಳ ಅಕ್ಷರ. ಅದಕ್ಕೆ ಮೈ ಬಂದದ್ದು ಬೀದಿಗೆ ಇಳಿದಾಗ. 19ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಲಂಡನ್ನಿನ ಗೋಡೆಗಳ ಮೇಲೆ ಲಾಟರಿ, ನಾಟಕ, ಹರಾಜುಗಳ ಭಿತ್ತಿಪತ್ರಗಳು ಒಂದರ ಮೇಲೊಂದು ಬೀಳತೊಡಗಿದವು. ಪುಸ್ತಕಕ್ಕೆಂದು ಮಾಡಿದ ಅಕ್ಷರವನ್ನು ಸುಮ್ಮನೆ ದೊಡ್ಡದು ಮಾಡಿದರೆ ದೂರದಿಂದ ಪೇಲವವಾಗಿ ಕಾಣುತ್ತದೆ. ಆಗ ಅಚ್ಚುಮೊಳೆ ಎರಕದವರು ಡಿಡೋನ್ ಅಕ್ಷರವನ್ನು ಎತ್ತಿಕೊಂಡು ಅದರ ದಪ್ಪ ಗೆರೆಗಳನ್ನು ಮಾತ್ರ ಉಬ್ಬಿಸಿದರು, ತೆಳು ಗೆರೆಗಳನ್ನು ಹಾಗೇ ಬಿಟ್ಟರು. ಕಂಬದ ಅಗಲ ಅಕ್ಷರದ ಎತ್ತರದ ಅರ್ಧಕ್ಕೆ ಹತ್ತಿರ ಬಂತು. ‘ಓ’ ಒಳಗಿನ ಬಿಳಿ ಬಾಗಿಲ ಸಂದಿಯಷ್ಟಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ಯಾಟ್ ಫೇಸ್’ ಎನ್ನುತ್ತಾರೆ. ಇದರ ಹುಟ್ಟಿನ ಮಾತು ಬಂದಾಗ ಮೊದಲು ಕೇಳುವ ಹೆಸರು ರಾಬರ್ಟ್ ಥಾರ್ನ್‌ನದು. 1820ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಎರಕದ ಮನೆಯನ್ನು ಕೊಂಡವನು ವಿಲಿಯಂ ಥೊರೊಗುಡ್. ಲಾಟರಿಯಲ್ಲಿ ಬಂದ ಹಣದಿಂದ ಕೊಂಡ ಎಂದು ಮುದ್ರಣದ ಚರಿತ್ರೆ ಬರೆದವರು ಹೇಳುತ್ತಾರೆ. ಲಾಟರಿ ಚೀಟಿಗಳನ್ನು ಕೂಗಿ ಮಾರಿದ ಅಕ್ಷರಕ್ಕೆ ಲಾಟರಿ ದುಡ್ಡೇ ಮನೆ ಉಳಿಸಿಕೊಟ್ಟಂತಾಯಿತು.

ಕಪ್ಪು ಇಷ್ಟು ಹರಡಿಕೊಂಡ ಅಕ್ಷರವನ್ನು ಒತ್ತಲು ಬಲವೂ ಬೇಕು. ಮರದ ಪ್ರೆಸ್ಸಿಗೆ ಅದು ಕಷ್ಟ. 1800ರ ಹೊತ್ತಿಗೆ ಬಂದ ಸ್ಟ್ಯಾನ್‌ಹೋಪ್‌ನ ಕಬ್ಬಿಣದ ಪ್ರೆಸ್ ಅದಕ್ಕೆ ಅನುಕೂಲ ಮಾಡಿತು. ಇನ್ನೂ ದೊಡ್ಡ ಅಕ್ಷರಗಳಿಗೆ ಸೀಸದ ಭಾರ ಮಿತಿಮೀರಿದಾಗ, 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ.

ಹಳಬರಿಗೆ ಇದು ಸಹಿಸಲಾಗಲಿಲ್ಲ. 1825ರಲ್ಲಿ ಮುದ್ರಣದ ಬಗ್ಗೆ ದೊಡ್ಡ ಗ್ರಂಥ ಬರೆದ ಹ್ಯಾನ್ಸರ್ಡ್ ಈ ದಢೂತಿ ಅಕ್ಷರಗಳನ್ನು ವಿಕಾರವೆಂದು ಬೈದ. ಶತಮಾನದ ಕೊನೆಗೆ ಇಂಗ್ಲೆಂಡಿನ ವಿನ್ಯಾಸಕ, ಮುದ್ರಕ ವಿಲಿಯಂ ಮಾರಿಸ್‌ಗೆ ಮೂಲ ಬೊಡೋನಿಯ ಮೇಲೇ ಕೋಪ. ಅಷ್ಟು ಓದಲಾಗದ ಅಕ್ಷರವನ್ನು ಯಾರೂ ಕೆತ್ತಿಲ್ಲವೆಂದು ಅವನ ತೀರ್ಪು. ಮಾರಿಸ್ ನನಗೆ ಗೌರವದ ಹೆಸರು. ಆದರೆ ಅವನು ಪುಸ್ತಕದ ಪುಟವೊಂದನ್ನೇ ಕಣ್ಣ ಮುಂದೆ ಇಟ್ಟುಕೊಂಡು ಹೇಳಿದ ಮಾತು ಅದು. ಗೋಡೆಯ ಮೇಲಿನ ಅಕ್ಷರದ ಕೆಲಸ ಬೇರೆ. ಅದು ನಡೆದುಹೋಗುವವರನ್ನು ಒಂದು ಕ್ಷಣ ನಿಲ್ಲಿಸಬೇಕು, ಮೂರು ನಾಲ್ಕು ಪದ ಹೇಳಿ ಬಿಟ್ಟುಕೊಡಬೇಕು. ಹ್ಯಾನ್ಸರ್ಡ್‌ಗೆ ಕಂಡ ವಿಕಾರದಲ್ಲಿ ನನಗೆ ಕಾಣುವುದು ಧೈರ್ಯ. ಸಾವಿರಾರು ವರ್ಷದ ರೋಮನ್ ಅಕ್ಷರದ ಪ್ರಮಾಣವನ್ನು ಒಂದೇ ಪೀಳಿಗೆ ಹೀಗೆ ಎಳೆದಾಡಿತು, ಆದರೂ ‘ಆರ್’ ‘ಆರ್’ ಆಗಿಯೇ ಉಳಿಯಿತು. ಉಳಿಸಿದ್ದು ಮತ್ತೆ ಆ ಕೂದಲೆಳೆಯೇ.

ರೂಪದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇದು ನನ್ನ ಪ್ರೀತಿಯ ಜಾಗ. ಚಿಕ್ಕ ‘ಎ’ಯನ್ನು ನೋಡಿ. ನೆತ್ತಿಯ ತೆಳು ಬಾಗು ಎಡಕ್ಕೆ ಇಳಿಯುತ್ತಾ ಇದ್ದಕ್ಕಿದ್ದಂತೆ ಒಂದು ದುಂಡು ಹನಿಯಾಗಿ ನಿಲ್ಲುತ್ತದೆ. ನಲ್ಲಿಯ ತುದಿಯಲ್ಲಿ ಇನ್ನೇನು ಬೀಳಲಿರುವ ನೀರಿನ ಹನಿಯ ಹಾಗೆ. ‘ಜಿ’ಗೆ ಬಲಗಡೆ ಕಿವಿ, ಅದರ ತುದಿಯಲ್ಲೂ ಹನಿ. ‘ಆರ್’ನ ಬಲಗಾಲು ಕೆಳಗೆ ಬಂದು ನೆಲ ಮುಟ್ಟುವ ಮೊದಲು ಸಣ್ಣಗೆ ಮೇಲಕ್ಕೆ ತಿರುಗುತ್ತದೆ. ಅಂಕಿಗಳು ಇನ್ನೂ ಚೆಂದ. 2ರ ಕೊರಳು ಬಾಗಿ, ನಡುವಿಗೆ ಬರುವಾಗ ದಪ್ಪವಾಗಿ, ಪಾದದಲ್ಲಿ ಅಲೆಯಾಗುತ್ತದೆ. 5 ಮತ್ತು 3 ಹೊಟ್ಟೆ ಮುಂದೆ ಮಾಡಿಕೊಂಡು ಕೂತ ಹಿರಿಯರ ಹಾಗೆ. ‘ಮತ್ತು’ ಎಂಬುದಕ್ಕೆ ಬಳಸುವ ಆ ಹೆಣೆದ ಚಿಹ್ನೆಯೊಂದನ್ನೇ ಪುಟದ ತುಂಬ ಇಟ್ಟು ಪೋಸ್ಟರ್ ಮಾಡಿದವರು ಎಷ್ಟೋ ಜನ. ದಪ್ಪ ಫಾಂಟು ಕೊಳ್ಳುವ ಮುನ್ನ ನಾನು ಮೊದಲು ಒತ್ತಿ ನೋಡುವುದು ಈ ಐದಾರು ಆಕೃತಿಗಳನ್ನು. ಇವುಗಳಲ್ಲಿ ಹನಿ ಹನಿಯಾಗಿಲ್ಲದೆ ಬರೀ ಗುಂಡಾಗಿದ್ದರೆ, ತೆಳುವಿನಿಂದ ದಪ್ಪಕ್ಕೆ ಹೋಗುವ ತಿರುವಿನಲ್ಲಿ ಗಂಟು ಕಂಡರೆ, ಆ ಫಾಂಟು ಬೇಡ.

20ನೇ ಶತಮಾನ ಈ ಅಕ್ಷರವನ್ನು ಮತ್ತೆ ಎತ್ತಿಕೊಂಡಿತು. ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ 1928ರಲ್ಲಿ ‘ಅಲ್ಟ್ರಾ ಬೊಡೋನಿ’ ಮಾಡಿದ. ಮರುವರ್ಷ ಲೈನೋಟೈಪ್ ಕಂಪನಿಯಿಂದ ಚಾನ್ಸಿ ಗ್ರಿಫಿತ್‌ನ ‘ಪೋಸ್ಟರ್ ಬೊಡೋನಿ’ ಬಂತು. ಮ್ಯಾಥ್ಯೂ ಕಾರ್ಟರ್ 1992ರಲ್ಲಿ ಲಂಡನ್ನಿನ ಎರಕದವನಾಗಿದ್ದ ವಿನ್ಸೆಂಟ್ ಫಿಗ್ಗಿನ್ಸ್‌ನ ಹಳೆಯ ಅಚ್ಚುಗಳನ್ನು ಆಧರಿಸಿ ‘ಎಲಿಫೆಂಟ್’ ಮಾಡಿದರು. ಆನೆ ಎಂಬ ಹೆಸರು ಅದಕ್ಕೆ ತಕ್ಕುದೇ. ಅಷ್ಟು ದೊಡ್ಡ ಮೈ, ಅಷ್ಟು ಚಿಕ್ಕ ಕಣ್ಣು. ಟೈಪ್‌ಟುಗೆದರ್ ಎಂಬ ಫಾಂಟು ಸಂಸ್ಥೆಯವರ ‘ಅಬ್ರಿಲ್ ಫ್ಯಾಟ್‌ಫೇಸ್’ 2011ರಿಂದ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತಿದೆ. ಇವತ್ತು ಜಾಲತಾಣಗಳ ತಲೆಬರಹದಲ್ಲಿ ನೀವು ಕಾಣುವ ಕಪ್ಪು ದುಂಡು ಅಕ್ಷರಗಳಲ್ಲಿ ಬಹಳಷ್ಟು ಅದೇ.

ಈಗ ಗಾತ್ರದ ಮಾತಿಗೆ ಬರುತ್ತೇನೆ. ಒಂದು ಸಣ್ಣ ಲೆಕ್ಕ. ತೆಳು ಗೆರೆ ಅಕ್ಷರದ ಗಾತ್ರದ ನೂರನೇ ಒಂದು ಭಾಗ ಎಂದುಕೊಳ್ಳಿ. 120 ಪಾಯಿಂಟಿನ ಶೀರ್ಷಿಕೆಯಲ್ಲಿ ಅದು 1.2 ಪಾಯಿಂಟು, ಅಂದರೆ ಸುಮಾರು 0.4 ಮಿಲಿಮೀಟರ್. ಯಾವ ಪ್ರೆಸ್ಸಾದರೂ ನಿರಾಯಾಸವಾಗಿ ಹಾಕುತ್ತದೆ. ಅದೇ ಫಾಂಟನ್ನು 9 ಪಾಯಿಂಟಿಗೆ ಇಳಿಸಿದರೆ ಗೆರೆ 0.09 ಪಾಯಿಂಟಾಗುತ್ತದೆ, ಸುಮಾರು 0.03 ಮಿಲಿಮೀಟರ್. ಮನುಷ್ಯನ ತಲೆಗೂದಲು ಇದಕ್ಕಿಂತ ದಪ್ಪ. ಗೆರೆ 0.25 ಪಾಯಿಂಟಿಗಿಂತ ಕೆಳಗೆ ಹೋಗಬಾರದು ಎಂದು ಮುದ್ರಣದವರು ಸಾಮಾನ್ಯವಾಗಿ ಹೇಳುತ್ತಾರೆ. ಬಣ್ಣದ ಮೇಲೆ ಬಿಳಿ ಬಿಡುವುದಾದರೆ ಅದರ ಎರಡರಷ್ಟಾದರೂ ಬೇಕು. ಅಂದರೆ ನಾನು ಕೇಳಿದ್ದು ಸಾಧ್ಯವಿರುವುದರ ಸುಮಾರು ಐದನೇ ಒಂದು ಭಾಗ. ಇಂಚಿಗೆ 2400 ಚುಕ್ಕೆ ಮೂಡುವ ಮುದ್ರಣದ ಪ್ಲೇಟಿನಲ್ಲಿ ಮೂರು ಚುಕ್ಕೆಯಷ್ಟು ಅಗಲ. ಪ್ಲೇಟು ಅದನ್ನು ಹಿಡಿದುಕೊಂಡೀತು. ಒದ್ದೆ ಶಾಯಿ, ಓಡುವ ಕಾಗದ, ಒಂದರ ಮೇಲೊಂದು ಕೂರಬೇಕಾದ ನಾಲ್ಕು ಬಣ್ಣ, ಇವು ಹಿಡಿಯಲಾರವು.

ಬೊಡೋನಿ ಕೈಯಲ್ಲಿ ಗಾತ್ರಕ್ಕೊಂದು ಅಚ್ಚು ಕೆತ್ತುತ್ತಿದ್ದವನು. ಆಮೇಲಿನ ಯಂತ್ರಗಳು, ಫೋಟೋ ಅಕ್ಷರಜೋಡಣೆ, ಕಂಪ್ಯೂಟರ್ ಬಂದ ಹಾಗೆಲ್ಲ ಒಂದೇ ಆಕೃತಿಯನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲ ಗಾತ್ರಕ್ಕೂ ಬಳಸುವುದು ರೂಢಿಯಾಯಿತು. ಬೇರೆ ಅಕ್ಷರಗಳು ಇದನ್ನು ಹೇಗೋ ತಡೆದುಕೊಂಡವು. ಡಿಡೋನ್ ತಡೆದುಕೊಳ್ಳಲಿಲ್ಲ. ದೊಡ್ಡ ಗಾತ್ರಕ್ಕೆಂದು ಮಾಡಿದ್ದು ಸಣ್ಣದಾದಾಗ ಮಾಯವಾಗುತ್ತದೆ. ಸಣ್ಣದಕ್ಕೆಂದು ಮಾಡಿದ್ದು ದೊಡ್ಡದಾದಾಗ ಅದರ ತೆಳು ಗೆರೆ ಕಬ್ಬಿಣದ ಸಲಾಕೆಯ ಹಾಗೆ ಒಡ್ಡೊಡ್ಡಾಗಿ ಕಾಣುತ್ತದೆ. ಇದನ್ನು ತಿದ್ದುವ ಪ್ರಯತ್ನಗಳೂ ಆದವು. ಪತ್ರಿಕೆಯೊಂದರ ಪುಟದಲ್ಲಿ ತೆಳು ಗೆರೆಗಳು ಸೊರಗುವುದನ್ನು ಕಂಡು ಬೇಸತ್ತ ಮುದ್ರಕ ಡಿ ವಿನ್ನಿ, ಅಚ್ಚುಮೊಳೆ ತಯಾರಕ ಲಿನ್ ಬಾಯ್ಡ್ ಬೆಂಟನ್ ಜೊತೆ ಸೇರಿ 1894ರಲ್ಲಿ ‘ಸೆಂಚುರಿ’ ಮಾಡಿಸಿದ. ಅಲ್ಲಿ ತೆಳು ಗೆರೆಗೇ ಮೈ ತುಂಬಿಸಿದರು. ಓದಲು ಸುಖ, ಆದರೆ ಹೊಳಪು ಹೋಯಿತು. ನೂರು ವರ್ಷದ ಮೇಲೆ ಐಟಿಸಿ ಎಂಬ ಅಮೆರಿಕದ ಫಾಂಟು ಸಂಸ್ಥೆಯ ವಿನ್ಯಾಸಕರು ಪಾರ್ಮಾಕ್ಕೇ ಹೋಗಿ ಬೊಡೋನಿಯ ಪಂಚ್‌ಗಳನ್ನು ನೋಡಿ ಬಂದು, 6, 12 ಮತ್ತು 72 ಪಾಯಿಂಟಿಗೆ ಬೇರೆಬೇರೆ ಬೊಡೋನಿ ಬಿಡಿಸಿದರು. 1990ರ ದಶಕದ ಆರಂಭದಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗೆ ಜೊನಾಥನ್ ಹೋಫ್ಲರ್ ಮಾಡಿಕೊಟ್ಟ ದಿದೋ ಅಕ್ಷರದಲ್ಲಂತೂ ಏಳು ಬಗೆ: 6, 11, 16, 24, 42, 64, 96. ಯಾವ ಗಾತ್ರದಲ್ಲಿ ಇಟ್ಟರೂ ಪುಟದ ಮೇಲೆ ಕೂದಲೆಳೆ ಒಂದೇ ತೆಳುವಾಗಿ ಕಾಣಲೆಂದು ಅಷ್ಟು ಶ್ರಮ. ಒಂದೇ ಫೈಲಿನೊಳಗೆ ಅಕ್ಷರದ ರೂಪವನ್ನು ಬೇಕಾದಂತೆ ಬದಲಿಸಬಹುದಾದ ಈಗಿನ ವೇರಿಯಬಲ್ ಫಾಂಟುಗಳಲ್ಲಿ ಗಾತ್ರಕ್ಕೆ ತಕ್ಕಂತೆ ಗೆರೆ ತಾನೇ ಹೊಂದಿಕೊಳ್ಳುವ ಏರ್ಪಾಡೂ ಇದೆ. 2016ರಲ್ಲಿ ಈ ಬಗೆಯ ಫಾಂಟುಗಳು ಬಂದಾಗ ನಾನು ಮೊದಲು ಎಳೆದು ನೋಡಿದ್ದು ಅದನ್ನೇ.

ಪರದೆಯ ಮೇಲೂ ಇದೇ ಗೋಳು ಬೇರೆ ರೂಪದಲ್ಲಿತ್ತು. 48 ಪಿಕ್ಸೆಲಿನ ತಲೆಬರಹದಲ್ಲಿ ತೆಳು ಗೆರೆ ಅರ್ಧ ಪಿಕ್ಸೆಲಿಗೂ ಕಮ್ಮಿ. ಅರ್ಧ ಪಿಕ್ಸೆಲ್ ಎಂಬುದು ಇಲ್ಲವಾದ್ದರಿಂದ ಪರದೆ ಒಂದು ಇಡೀ ಪಿಕ್ಸೆಲನ್ನು ಬೂದು ಮಾಡುತ್ತದೆ. ಕಪ್ಪು ಕಂಬಗಳ ನಡುವೆ ಬೂದಿಯ ದಾರ ಕಟ್ಟಿದ ಹಾಗೆ. 2010ರಲ್ಲಿ ಇಂಚಿಗೆ 326 ಪಿಕ್ಸೆಲ್‌ನ ಐಫೋನ್ ಬಂದು, ಬೇರೆ ಪರದೆಗಳೂ ಒತ್ತಾದ ಮೇಲೆ, ಡಿಡೋನ್‌ಗಳು ಜಾಲತಾಣಗಳಲ್ಲಿ ತಲೆಯೆತ್ತಿದವು.

ಹಾಗಾದರೆ ಇದನ್ನು ಎಲ್ಲಿ ಬಳಸಬೇಕು ಎಂದು ಕೇಳುವ ಕಿರಿಯ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಪದ ಕಡಿಮೆ ಇರಲಿ. ಪದದಲ್ಲಿ ದುಂಡು ಅಕ್ಷರಗಳಿದ್ದರೆ ಅದೃಷ್ಟ. ಬರೀ ನೆಟ್ಟನೆಯ ಕಂಬಗಳಿರುವ ಪದ ಬೇಲಿಯಾಗಿಬಿಡುತ್ತದೆ, ಕಣ್ಣು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಷರಗಳನ್ನು ದೂರದೂರ ಇಡಬೇಡಿ. ಒಳಗಿನ ಬಿಳಿಯೇ ಇಷ್ಟು ಕಡಿಮೆ ಇರುವಾಗ ನಡುವಿನ ಬಿಳಿ ಹೆಚ್ಚಾದರೆ ಪದ ಚೂರುಚೂರಾಗುತ್ತದೆ. ಆದರೆ ಪದದ ಸುತ್ತ ಜಾಗ ಧಾರಾಳವಾಗಿ ಬಿಡಿ. ಕೆಳಗೆ ಬರುವ ಬರಹಕ್ಕೆ ಇನ್ನೊಂದು ಡಿಡೋನ್ ಬೇಡ, ದಪ್ಪ-ತೆಳುವಿನ ವ್ಯತ್ಯಾಸ ಕಡಿಮೆಯಿರುವ ಸಾದಾ ಅಕ್ಷರ ಇರಲಿ. ತಾರೀಖು, ಪುಟಸಂಖ್ಯೆ, ಅಧ್ಯಾಯದ ಅಂಕಿ, ಮುಖಪುಟದ ಒಂದೇ ಪದ, ಇಲ್ಲೆಲ್ಲ ಇದಕ್ಕೆ ಸಾಟಿಯಿಲ್ಲ. ಔಷಧದ ಚೀಟಿ, ದಾರಿಫಲಕ, ಅಡಿಟಿಪ್ಪಣಿ, ಕಣ್ಣು ಮಂಜಾದವರು ಓದಬೇಕಾದ ಯಾವುದೇ ಬರಹ, ಇಲ್ಲೆಲ್ಲ ಇದು ಬರಲೇಬಾರದು. ವಿನೈಲ್ ಹಾಳೆಯಲ್ಲಿ ಕತ್ತರಿಸಿ ಅಂಟಿಸುವ ಅಕ್ಷರಕ್ಕೂ ಬೇಡ. ಬೇಡದ ಭಾಗ ಕಿತ್ತು ತೆಗೆಯುವಾಗ ಕೂದಲೆಳೆಯೂ ಜೊತೆಗೆ ಎದ್ದು ಬರುತ್ತದೆ.

ಒಂದು ಮಾತನ್ನು ಬೇಡಿಕೊಂಡೇ ಹೇಳುತ್ತೇನೆ. ಸಾಫ್ಟ್‌ವೇರಿನ ದಪ್ಪ ಮಾಡುವ ಗುಂಡಿಯನ್ನು ಇದರ ಮೇಲೆ ಒತ್ತಬೇಡಿ. ಅದು ಅಕ್ಷರದ ಸುತ್ತ ಎಲ್ಲ ಕಡೆಗೂ ಒಂದೇ ಅಳತೆಯ ಅಂಚು ಕಟ್ಟುತ್ತದೆ. ದಪ್ಪ ಗೆರೆಗೆ ಅದರಿಂದ ಏನೂ ಆಗುವುದಿಲ್ಲ, ತೆಳು ಗೆರೆ ಮಾತ್ರ ಎರಡು ಮೂರು ಪಟ್ಟಾಗುತ್ತದೆ. ಅಡ್ಡಕ್ಕೆ ಹಿಗ್ಗಿಸುವುದೂ ಹಾಗೆಯೇ: ಕಂಬ ಅಗಲವಾಗುತ್ತದೆ, ಅಡ್ಡ ಗೆರೆ ಇದ್ದಲ್ಲೇ ಇರುತ್ತದೆ, ಎರಡರ ನಡುವೆ ಯಾರೋ ಕೂತು ತೂಗಿ ಇಟ್ಟ ಪ್ರಮಾಣ ಹಾಳಾಗುತ್ತದೆ. ಹೀಗೆ ಕೆಟ್ಟ ಬೊಡೋನಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಚೆಗೆ ಈ ವಂಶದ ಅಕ್ಷರವೆಂದರೆ ಫ್ಯಾಷನ್, ಸುಗಂಧ, ಸಿರಿವಂತಿಕೆ ಎಂಬ ಭಾವನೆ ಬಲವಾಗಿದೆ. ವೋಗ್ ಪತ್ರಿಕೆಯ ಹೆಸರು ದಶಕಗಳಿಂದ ದಿದೋದಲ್ಲಿದೆ, ಉಳಿದವರು ಅದರ ಹಿಂದೆ ಬಂದರು. ಚೆಂದವೇ. ಆದರೂ ಈ ದಪ್ಪ ತಮ್ಮನ ಮೊದಲ ಒಡನಾಟ ನಾಟಕದ ಚೀಟಿ ಅಂಟಿಸುವವರು, ಹರಾಜು ಕೂಗುವವರ ಜೊತೆಗಿತ್ತು ಎಂಬುದನ್ನು ಮರೆಯಬಾರದು ಎನ್ನಿಸುತ್ತದೆ. ಸಭ್ಯವಾಗಿ ನಿಲ್ಲುವಾಗಲೂ ಅದರ ಹೊಟ್ಟೆಯಲ್ಲಿ ಆ ಬೀದಿಯ ಗದ್ದಲ ಇನ್ನೂ ಇದೆ.

ನನ್ನ ಪುಸ್ತಿಕೆಯ ಆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆ, ಮತ್ತೆ ಅಚ್ಚಾಯಿತು. ಹೆಸರುಗಳಿಗೆ ದಪ್ಪ-ತೆಳುವಿನ ಗಲಾಟೆಯಿಲ್ಲದ ಅಕ್ಷರ ಹಾಕಿ, ನೀಲಿಯನ್ನು ಒಂದೇ ಇಂಕಿಗೆ ಇಳಿಸಿದೆ. ಶೀರ್ಷಿಕೆ ದಪ್ಪ ಬೊಡೋನಿಯಲ್ಲೇ ಉಳಿಯಿತು. ಪ್ರದರ್ಶನ ಶುರುವಾದ ದಿನ ಅದೇ ಶೀರ್ಷಿಕೆಯನ್ನು ಹೊರಗಿನ ಗೋಡೆಗೆ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಅಂಟಿಸಿದ್ದರು, ಒಂದೊಂದು ಅಕ್ಷರ ಅಡಿಯೆತ್ತರ. ಜನ ಬರುವ ಮೊದಲು ನಾನು ಅದರ ಎದುರು ನಿಂತು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋದೆ. ಮೂವತ್ತು ಹೆಜ್ಜೆಯಾಚೆ ಹೋದಾಗ ಮೂರನೇ ಅಕ್ಷರವಾದ ‘ಎನ್’ ಬರೀ ಓರೆ ತುಂಡಾಗಿತ್ತು, ಅಕ್ಕಪಕ್ಕದವು ಹೇಳಿದ್ದರಿಂದ ಅದನ್ನು ‘ಎನ್’ ಎಂದು ಓದಿಕೊಂಡೆ. ಮತ್ತೆ ಮುಂದೆ ನಡೆದೆ. ಅರ್ಧ ದಾರಿಯಲ್ಲಿ ಎಡಗಾಲು ಮಸುಕಾಗಿ ಮೂಡಿತು, ಇನ್ನೆರಡು ಹೆಜ್ಜೆಗೆ ಬಲಗಾಲು. ಗೋಡೆಯ ಹತ್ತಿರ ಬಂದು ಬೆರಳಿಟ್ಟು ನೋಡಿದೆ. ಗೆರೆ ಬುಡದಿಂದ ನೆತ್ತಿಯವರೆಗೂ ಎಲ್ಲೂ ಕಡಿದಿರಲಿಲ್ಲ.